ಬುದ್ಧಿ ಹೇಳಲು ಭದ್ರಾವತಿಗೆ ಹೋದೆ

ಭಾನುವಾರ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜಿರಲಿಲ್ಲ, ಭದ್ರಾವತಿಯಿಂದ ಚಿಕ್ಕಮ್ಮನ ಫೋನ್.

"ಶಿವಮೊಗ್ಗಕ್ಕೆ ಬಂದಿದ್ದೀಯಂತೆ. ಮಧ್ಯಾಹ್ನ ಊಟಕ್ಕೆ ಇಲ್ಲಿಗೇ ಬಾ. ನಿನ್ನ ತಂಗಿಗೆ ಸ್ವಲ್ಪ ಬುದ್ಧಿ ಹೇಳಬೇಕು."

ತಂಗಿ ಅಂದರೆ ಚಿಕ್ಕಮ್ಮನ ಮಗಳು. ಶಂಕರಘಟ್ಟದಲ್ಲಿ, ಅಂದರೆ ನಮ್ಮ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಬಯೋಟೆಕ್ನಾಲಜಿ ಎಂ.ಎಸ್ಸಿ. ಮುಗಿಸಿದ್ದಾಳೆ. ಬೆಂಗಳೂರಿನ ಒಂದು ಕಂಪನಿಯಿಂದ ಆಫರ್ ಲೆಟರ್ ಬಂದಿದೆ. ಮನೆಮಂದಿಯೆಲ್ಲ ಸಿಹಿ ಹಂಚಿದ್ದೂ ಆಗಿದೆ. ಈಗ ಹೋಗಲ್ಲ ಅಂತಿದ್ದಾಳೆ.

"ಮತ್ತೆ ಏನು ಮಾಡ್ತಾಳಂತೆ?"

"ಜೀವವಿಜ್ಞಾನದ ತತ್ವಶಾಸ್ತ್ರ ಅಂತೆ. ಎಂತದೋ ಏನೋ. ನಮ್ಮ ಮನೆಯಲ್ಲಿ ಪ್ರವಚನ ಮಾಡೋರು ಇಲ್ಲಿವರೆಗೆ ಯಾರೂ ಇರಲಿಲ್ಲ ನೋಡು."

ನಮ್ಮ ಬಳಗದಲ್ಲಿ ಒಂದು ಅಲಿಖಿತ ನಿಯಮವಿದೆ. ಯಾರಿಗೆ ತಿಂಗಳ ಕೊನೆಗೆ ಸಂಬಳದ ಮೆಸೇಜ್ ತಪ್ಪದೆ ಬರುತ್ತೋ ಅವರಿಗೆ ಮಿಕ್ಕವರಿಗೆ ಬುದ್ಧಿ ಹೇಳುವ ಅಧಿಕಾರ ತಾನಾಗಿ ಬಂದುಬಿಡುತ್ತೆ. ನನಗೆ ಮೂವತ್ತು ವರ್ಷ, ಕಂಪ್ಯೂಟರ್ ಸೈನ್ಸ್ ಬಿ.ಇ., ಬೆಂಗಳೂರಲ್ಲಿ ಕೆಲಸ, ಒಂದು ಫ್ಲ್ಯಾಟಿನ ಇಎಂಐ. ಇಷ್ಟು ಸಾಕು. ಸಿಇಟಿಯಲ್ಲಿ ಬಂದ ರ‍್ಯಾಂಕಿಗೆ ಆ ಬ್ರಾಂಚ್ ಸಿಕ್ಕಿತು ಅಂತ ಮಾತ್ರ ನಾನು ಸೇರಿದ್ದು ಅನ್ನೋದನ್ನ ಯಾರೂ ಕೇಳಲ್ಲ, ನಾನೂ ಹೇಳಲ್ಲ.

ಹೊರಡೋ ಮೊದಲು ಫೋನಿನಲ್ಲಿ ಸ್ವಲ್ಪ ಹುಡುಕಿದೆ. ವಾದ ಮಾಡಲು ಹೋಗುವವನಿಗೆ ಎದುರಾಳಿ ಯಾರು ಅಂತ ಗೊತ್ತಿರಬೇಕಲ್ಲ.

ಗೊತ್ತಾಗಿದ್ದು ಇಷ್ಟು. ಮಳೆಗಾಲದಲ್ಲಿ ಮಂಡಗದ್ದೆಗೆ ಹಕ್ಕಿಗಳು ಬರುತ್ತವೆ. ಯಾಕೆ ಬರುತ್ತವೆ ಅಂತ ಕೇಳಿದರೆ ಒಬ್ಬರು ಹಾರ್ಮೋನು, ಹಗಲಿನ ಉದ್ದ, ಮಳೆ ಅಂತಾರೆ. ಇನ್ನೊಬ್ಬರು, ಹಾಗೆ ಬಂದು ಮರಿ ಮಾಡಿದ ಹಕ್ಕಿಗಳ ಸಂತತಿ ಉಳಿಯಿತು, ಅದಕ್ಕೇ ಬರುತ್ತವೆ ಅಂತಾರೆ. ಎರಡೂ ಸರಿ, ಆದರೆ ಒಂದೇ ಉತ್ತರ ಅಲ್ಲ. ಈ ವ್ಯತ್ಯಾಸವನ್ನು ಎರ್ನ್ಸ್ಟ್ ಮೇಯರ್ ಎಂಬ ಜೀವವಿಜ್ಞಾನಿ 1961ರಲ್ಲಿ 'ಸೈನ್ಸ್' ಪತ್ರಿಕೆಯ ಒಂದು ಲೇಖನದಲ್ಲಿ ಬಿಡಿಸಿ ಇಟ್ಟರು. ಕಾರಣ ಅಂದರೇನು, ಪ್ರಭೇದ ಅಂದರೇನು, ಜೀನ್ ಅಂದರೇನು, ಒಂದು ಜೀವಿ ಅಂತ ಎಲ್ಲಿಂದ ಎಲ್ಲಿವರೆಗೆ ಎಣಿಸಬೇಕು, ಇಂಥ ಪ್ರಶ್ನೆಗಳ ಬೆನ್ನುಹತ್ತುವುದೇ ಈ ವಿಷಯ. ವಿಷಯವೇನೂ ಪುರಾತನವಲ್ಲ. ಮೈಕಲ್ ರೂಸ್ 1973ರಲ್ಲಿ, ಡೇವಿಡ್ ಹಲ್ 1974ರಲ್ಲಿ ಪುಸ್ತಕ ಬರೆದ ಮೇಲೆ ಇದಕ್ಕೊಂದು ಪ್ರತ್ಯೇಕ ಮನೆ ಆಯ್ತು. 'ಬಯಾಲಜಿ ಆ್ಯಂಡ್ ಫಿಲಾಸಫಿ' ಅನ್ನೋ ಅದರದ್ದೇ ಪತ್ರಿಕೆ ಶುರುವಾಗಿದ್ದು 1986ರಲ್ಲಿ. ನಮ್ಮಪ್ಪನಿಗಿಂತ ಚಿಕ್ಕ ವಿಷಯ.

ಸರಿ, ಸ್ಕೋಪ್ ಇಲ್ಲ ಅಂತ ಹೇಳಿ ಮುಗಿಸಬಹುದು ಅಂದುಕೊಂಡು ಬೈಕ್ ಹತ್ತಿದೆ.

ಕೋಡ್ ಅಂದಮೇಲೆ ಕಂಪೈಲರ್ ಎಲ್ಲಿದೆ?

ಊಟ ಆಯ್ತು. ಚಿಕ್ಕಮ್ಮ ಕಣ್ಸನ್ನೆ ಮಾಡಿ ಒಳಗೆ ಹೋದರು. ಚಿಕ್ಕಪ್ಪ ಪೇಪರ್ ಹಿಡಿದು ಕೂತರು, ಆದರೆ ಪುಟ ತಿರುಗಿಸಲಿಲ್ಲ. ನಾನು ಗಂಟಲು ಸರಿಮಾಡಿಕೊಳ್ಳೋದರೊಳಗೆ ಅವಳೇ ಶುರು ಮಾಡಿದಳು.

"ಅಣ್ಣಾ, ಡಿಎನ್‌ಎ ಅನ್ನೋದು ಪ್ರೋಗ್ರಾಂ ಅಂತಾರಲ್ಲ, ನೀನು ಒಪ್ತೀಯಾ?"

ಒಪ್ಪದೆ ಏನು. ನಾಲ್ಕು ಅಕ್ಷರದ ಕೋಡ್. ಶಾಲೆಯಿಂದ ಕೇಳಿಕೊಂಡು ಬಂದಿದ್ದೇ ಅದು.

"ಹಾಗಾದ್ರೆ ಕಂಪೈಲರ್ ಎಲ್ಲಿದೆ?"

ಜೀವಕೋಶ ಅಂದೆ. ಆ ಕಂಪೈಲರನ್ನ ಕಟ್ಟೋದಕ್ಕೂ ಅದೇ ಡಿಎನ್‌ಎ ಬೇಕಲ್ಲ ಅಂದಳು. ಅದೇನೂ ದೊಡ್ಡದಲ್ಲ, ತನ್ನನ್ನು ತಾನೇ ಕಂಪೈಲ್ ಮಾಡೋ ಕಂಪೈಲರ್‌ಗಳು ನಮ್ಮಲ್ಲೂ ಇವೆ ಅಂತ ಸಮಜಾಯಿಷಿ ಕೊಟ್ಟೆ. ಕಣ್ಣಿನ ಕೋಶ, ಪಿತ್ತಜನಕಾಂಗದ ಕೋಶ ಎರಡರಲ್ಲೂ ಇರೋದು ಒಂದೇ ಡಿಎನ್‌ಎ, ಆದರೂ ಬೇರೆ ಬೇರೆ ಕೆಲಸ ಮಾಡ್ತವೆ ಅಂದಳು. ಒಂದೇ ರೆಪೊ, ಬೇರೆ ಕಾನ್ಫಿಗ್ ಅಂದೆ. ಗೆದ್ದೆ ಅನ್ನಿಸಿತು.

"ಸರಿ. ಮೊಸಳೆ ಮೊಟ್ಟೆ ತಗೋ. ಗೂಡಿನ ಶಾಖ 32 ಡಿಗ್ರಿ ಆಸುಪಾಸು ಇದ್ರೆ ಗಂಡು ಹೆಚ್ಚು, ಅದಕ್ಕಿಂತ ತಂಪಿದ್ರೆ ಹೆಣ್ಣು. ಗಂಡಾಗಬೇಕೋ ಹೆಣ್ಣಾಗಬೇಕೋ ಅನ್ನೋ ಮಾಹಿತಿ ಡಿಎನ್‌ಎಯಲ್ಲಿ ಇತ್ತಾ, ಮರಳಲ್ಲಿ ಇತ್ತಾ? ನಿನ್ನ ಪ್ರೋಗ್ರಾಮಿನ ಅರ್ಧ ಹೊಳೆ ದಂಡೆ ಮೇಲೆ ಬಿದ್ದಿದೆ ಅಂದ್ರೆ ಅದನ್ನ ಪ್ರೋಗ್ರಾಂ ಅಂತ ಯಾಕೆ ಕರೀಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಟು ವರ್ಷದಿಂದ ಕೋಡ್ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ, ಆದರೆ ಆ ಪದವನ್ನು ಎಲ್ಲೆಲ್ಲಿ ಬಳಸಬಹುದು ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಆಮೇಲೆ ಓದಿದಾಗ ತಿಳಿದಿದ್ದು: ಜೀವಿಗೆ 'ಪ್ರೋಗ್ರಾಂ' ಅನ್ನೋ ರೂಪಕ ಅಂಟಿಕೊಂಡಿದ್ದೂ 1961ರಲ್ಲೇ. ಅದೇ ಮೇಯರ್, ಮತ್ತೊಂದು ಕಡೆ ಫ್ರಾನ್ಸಿನ ಜಾಕೋಬ್ ಮತ್ತು ಮೊನೊ. ಕಂಪ್ಯೂಟರ್ ಹೊಸದಾಗಿದ್ದ ಕಾಲ, ಎಲ್ಲವೂ ಕಂಪ್ಯೂಟರಿನ ಹಾಗೆ ಕಾಣಿಸಿರಬೇಕು. (ಈಗ ಎಲ್ಲವೂ ಎಐ ಹಾಗೆ ಕಾಣುತ್ತಿದೆಯಲ್ಲ, ಹಾಗೆ.) ಈ ರೂಪಕವನ್ನು ಬಿಚ್ಚಿ ನೋಡಿದವರಲ್ಲಿ ಮುಖ್ಯರು ಎವೆಲಿನ್ ಫಾಕ್ಸ್ ಕೆಲ್ಲರ್. 2000ದಲ್ಲಿ ಬಂದ ಅವರ 'ದಿ ಸೆಂಚುರಿ ಆಫ್ ದಿ ಜೀನ್' ತಂಗಿಯ ಟೇಬಲ್ ಮೇಲಿತ್ತು. ಕೆಲ್ಲರ್ ಪಿಎಚ್.ಡಿ. ಮಾಡಿದ್ದು ಹಾರ್ವರ್ಡಿನಲ್ಲಿ, ಭೌತಶಾಸ್ತ್ರದಲ್ಲಿ. ಅಂದರೆ ಬೇರೆ ಮನೆಯಿಂದ ಬಂದವರು.

ಮಂಗನ ಕಾಯಿಲೆಗೆ ಕಾರಣ ಯಾವುದು?

ಮೊಸಳೆ ಬಿಟ್ಟುಬಿಡಿ. ತಂಗಿಗೆ ಈ ಹುಚ್ಚು ಹತ್ತಿದ್ದು ಪುಸ್ತಕದಿಂದ ಅಲ್ಲ. ಚಿಕ್ಕಪ್ಪನ ಮೂಲ ಊರು ಸಾಗರದ ಕಡೆ. ಅಲ್ಲಿ ಅವರ ಅಣ್ಣ ಅಡಿಕೆ ತೋಟಕ್ಕೆ ಸೊಪ್ಪು ತರಲು ಸೊಪ್ಪಿನಬೆಟ್ಟಕ್ಕೆ ಹೋಗಿ ಬಂದವರು ಜ್ವರ ಅಂತ ಮಲಗಿದರು. 2019ರ ಆರಂಭ. ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮಂಗನ ಕಾಯಿಲೆ ಜೋರಾಗಿದ್ದ ಸಮಯ, ನಿಮಗೂ ನೆನಪಿರಬಹುದು. ದೊಡ್ಡಪ್ಪ ಉಳಿದರು. ಅದೇ ಬೇಸಿಗೆಯಲ್ಲಿ ಆ ಕಡೆ ಉಳಿಯದವರೂ ಇದ್ದರು. ಆಗ ಅವಳು ಪಿಯುಸಿ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಕೇಳಿಸಿಕೊಂಡಿದ್ದು ಒಂದೇ ಪ್ರಶ್ನೆಗೆ ಐದಾರು ಉತ್ತರ. ವೈರಸ್ಸಿನಿಂದ ಬಂತು ಅಂದರು ವೈದ್ಯರು. ಉಣುಗು ಕಚ್ಚಿದ್ದರಿಂದ ಅಂದರು ಇನ್ನೊಬ್ಬರು. ಮಂಗ ಸತ್ತಿದ್ದ ಜಾಗಕ್ಕೆ ಹೋಗಿದ್ದೇ ತಪ್ಪು ಅಂದರು ಪಕ್ಕದ ಮನೆಯವರು. ಹಂಚಿದ್ದ ಡಿಎಂಪಿ ಎಣ್ಣೆ ಹಚ್ಚಿಕೊಂಡಿರಲಿಲ್ಲವಂತೆ. ದನ ಕಾಡಿಗೆ ಬಿಟ್ಟರೆ ಹೀಗೇ. ಕಾಡು ಕಡಿದರೆ ಹೀಗೇ.

"ಎಲ್ಲಾ ನಿಜ ಅಣ್ಣಾ. ಆದರೆ ಕಾರಣ ಯಾವುದು?"

ಈ ಕಾಯಿಲೆಯ ಇಂಗ್ಲಿಷ್ ಹೆಸರಿನಲ್ಲೇ ನಮ್ಮ ಜಿಲ್ಲೆಯಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು, 1957. ಮಂಗಗಳು ಸಾಲಾಗಿ ಸಾಯುತ್ತಿದ್ದವು, ಜನರಿಗೆ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮಂಗ ಸಾಯುತ್ತಿದೆ ಅಂದಾಕ್ಷಣ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಅದಲ್ಲ ಅಂತಾಯ್ತು. ಸಿಕ್ಕ ವೈರಸ್ ರಷ್ಯಾ ಕಡೆಯ ಒಂದು ಮೆದುಳು ಜ್ವರದ ವೈರಸ್ಸಿಗೆ ಸಂಬಂಧಿ. ಅಲ್ಲಿಂದ ಸೊರಬಕ್ಕೆ ಹೇಗೆ ಬಂತು? ವಲಸೆ ಹಕ್ಕಿಗಳು ಉಣುಗು ಹೊತ್ತು ತಂದಿರಬಹುದೇ ಅನ್ನೋ ಪ್ರಶ್ನೆ ಎದ್ದಿತು. ಪಕ್ಷಿತಜ್ಞ ಸಲೀಂ ಅಲಿ ಮುಂದಾಳತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆ ಅಧ್ಯಯನ ಮಾಡಲು ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿದ್ದಕ್ಕೆ ಈ ಅನುಮಾನವೂ ಒಂದು ಕಾರಣ. ಹಕ್ಕಿಗಳೇ ತಂದವು ಅನ್ನೋದಕ್ಕೆ ಪುರಾವೆ ಸಿಗಲಿಲ್ಲ.

1969ರಲ್ಲಿ ಹೋರ್ಹೆ ಬೊಶೆಲ್ ಎಂಬ ವಿಜ್ಞಾನಿ ಇಡೀ ಚಿತ್ರವನ್ನು ಬೇರೆ ಕಡೆಯಿಂದ ನೋಡಿದರು. ಜನ ಹೆಚ್ಚಿದರು, ಕಾಡಂಚು ಸಾಗುವಳಿಗೆ ಬಂತು, ದನ ಕಾಡಿನೊಳಗೆ ಮೇಯತೊಡಗಿತು. ದನಕ್ಕೆ ಈ ಕಾಯಿಲೆ ಬರಲ್ಲ, ಆದರೆ ಬೆಳೆದ ಉಣುಗಿಗೆ ದನದ ರಕ್ತ ಹಬ್ಬದೂಟ. ಉಣುಗು ಹೆಚ್ಚಿತು. ಅಂದರೆ ವೈರಸ್ ಮೊದಲಿಂದಲೇ ಕಾಡಲ್ಲಿ ತನ್ನ ಪಾಡಿಗಿತ್ತು, ನಾವು ಅದರ ದಾರಿಗೆ ಹೋದೆವು ಅನ್ನೋ ವಾದ.

ಇದರಲ್ಲಿ ತತ್ವಶಾಸ್ತ್ರ ಎಲ್ಲಿ ಬಂತು ಅಂತ ಕೇಳಿದೆ. ಅವಳು ಬೆರಳು ಮಡಚುತ್ತಾ ಹೇಳಿದಳು. ಕಾರಣ ವೈರಸ್ ಅಂದರೆ ದುಡ್ಡು ಲಸಿಕೆಗೆ ಹೋಗುತ್ತೆ. ಉಣುಗು ಅಂದರೆ ಎಣ್ಣೆಗೆ. ಎಣ್ಣೆ ಹಚ್ಚಿಕೊಳ್ಳದ್ದು ಅಂದರೆ ತಪ್ಪು ದೊಡ್ಡಪ್ಪನದ್ದೇ ಆಗುತ್ತೆ. ಕಾಡು ಕಡಿದದ್ದು ಅಂದರೆ, ಆಗ ಯಾರನ್ನ ಕೇಳಬೇಕು? ಹತ್ತು ಕಾರಣಗಳಲ್ಲಿ ಒಂದನ್ನು ಎತ್ತಿ 'ಇದೇ ಕಾರಣ' ಅನ್ನುವಾಗ ನಾವು ಯಾವ ಅಳತೆಗೋಲು ಹಿಡಿದಿರುತ್ತೇವೆ? ಲ್ಯಾಬಿನಲ್ಲಿ ಈ ಪ್ರಶ್ನೆಗೆ ಟೆಸ್ಟ್ ಇಲ್ಲ. ಮಡಕೆಗೆ ಮಣ್ಣು ಒಂದು ಕಾರಣ, ಕುಂಬಾರ ಇನ್ನೊಂದು ಬಗೆಯ ಕಾರಣ ಅಂತ ನಮ್ಮ ನ್ಯಾಯಶಾಸ್ತ್ರದವರು ಎಷ್ಟೋ ಹಿಂದೆಯೇ ವಿಂಗಡಿಸಿದ್ದರು. ಆ ವಿಂಗಡಣೆ ಉಣುಗು, ವೈರಸ್ಸಿಗೆ ಬಂದಾಗ ಸಾಕಾಗುತ್ತಾ, ಇಲ್ಲವಾ ಅನ್ನೋದು ಅವಳ ಪ್ರಶ್ನೆ.

ಆಗ ಪೇಪರ್ ಹಿಂದಿನಿಂದ ಚಿಕ್ಕಪ್ಪ ಮಾತಾಡಿದರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು.

"ನಮ್ಮ ಬ್ರೇಕ್‌ಡೌನ್ ರಿಜಿಸ್ಟರಿನಲ್ಲಿ 'ಕಾರಣ' ಅಂತ ಒಂದು ಕಾಲಂ ಇತ್ತು. ಬೇರಿಂಗ್ ಸುಟ್ಟಿದೆ ಅಂತ ಬರೀತಿದ್ವಿ. ಯಾಕೆ ಸುಟ್ಟಿತು? ಗ್ರೀಸ್ ಇರಲಿಲ್ಲ. ಯಾಕೆ ಇರಲಿಲ್ಲ? ಸ್ಟೋರಿನಿಂದ ಬಂದಿರಲಿಲ್ಲ. ಯಾಕೆ ಬರಲಿಲ್ಲ ಅಂತ ಬರೆಯೋಕೆ ಆ ಕಾಲಮ್ಮಿನಲ್ಲಿ ಜಾಗ ಇರಲಿಲ್ಲ."

ಅಷ್ಟು ಹೇಳಿ ಮತ್ತೆ ಪೇಪರ್ ಎತ್ತಿಕೊಂಡರು. ನಮ್ಮ ಆಫೀಸಿನಲ್ಲೂ ಸರ್ವರ್ ಬಿದ್ದಾಗಲೆಲ್ಲ ರೂಟ್ ಕಾಸ್ ಅನಾಲಿಸಿಸ್ ಅಂತ ಒಂದು ಡಾಕ್ಯುಮೆಂಟ್ ಬರೆಯುತ್ತೇವೆ. ನಾನೇ ಹತ್ತಾರು ಬರೆದಿದ್ದೇನೆ. ಎಲ್ಲಿ ನಿಲ್ಲಿಸಬೇಕು ಅನ್ನೋದು ನಮಗೆ ಯಾವಾಗಲೂ ಮೊದಲೇ ಗೊತ್ತಿರುತ್ತೆ, ಮ್ಯಾನೇಜರ್ ಹೆಸರು ಬರೋ ಒಂದು ಹೆಜ್ಜೆ ಮುಂಚೆ.

ದಾರಿ ತುಳಿದವರು

"ಪ್ರಶ್ನೆ ಚೆನ್ನಾಗಿದೆ. ಆದರೆ ಇದರಲ್ಲಿ ಬದುಕಿದೋರು ಯಾರಾದ್ರೂ ಇದ್ದಾರಾ? ನಮ್ಮ ಕಡೆಯೋರು?"

ಅವಳು ಕಿಟಕಿ ತೋರಿಸಿದಳು. ಸಜ್ಜಾದ ಕೆಳಗೆ ಅಂಗೈಯಗಲದ ಬೂದು ಬಣ್ಣದ ಗೂಡು, ಮೇಲೆ ನಾಲ್ಕಾರು ಕಣಜ. ಮರದ ನಾರು ಅಗಿದು ಕಾಗದ ಮಾಡಿ ಗೂಡು ಕಟ್ಟುವ ಜಾತಿ. ಕಾಗದ ಕಾರ್ಖಾನೆಯಿದ್ದ ಊರಿಗೆ ಹೇಳಿ ಮಾಡಿಸಿದ ಹುಳ.

ಇಂಥವೇ ಕಣಜಗಳನ್ನು ಹಿಡಿದು ಹೊರಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್. ಪಿಎಚ್.ಡಿ. ಮಾಡಿದ್ದು ಮಾಲಿಕ್ಯುಲರ್ ಬಯಾಲಜಿಯಲ್ಲಿ. ಕಣಜ ನೋಡುವುದು ಪಕ್ಕದ ಹವ್ಯಾಸವಾಗಿತ್ತು. ಆಮೇಲೆ ಹವ್ಯಾಸವೇ ಕೆಲಸವಾಯ್ತು. ಅವರ ಕಣಜದ ಹೆಸರು ರೊಪಾಲಿಡಿಯಾ ಮಾರ್ಜಿನಾಟ. ಇದರಲ್ಲಿ ರಾಣಿಗೂ ಕೆಲಸಗಾರ್ತಿಗೂ ನೋಡಲು ವ್ಯತ್ಯಾಸ ಇಲ್ಲ. ಕೆಲಸಗಾರ್ತಿ ಬೇಕಾದರೆ ರಾಣಿಯಾಗಬಹುದು, ಹೊರಗೆ ಹೋಗಿ ತನ್ನದೇ ಗೂಡು ಕಟ್ಟಬಹುದು. ಆದರೂ ಬಹುಪಾಲು ಹೆಣ್ಣುಗಳು ಇನ್ನೊಬ್ಬಳ ಮಕ್ಕಳಿಗೆ ಉಣಿಸುತ್ತಾ ಜೀವ ಸವೆಸುತ್ತವೆ. ಯಾಕೆ?

1964ರಲ್ಲಿ ಹ್ಯಾಮಿಲ್ಟನ್ ಕೊಟ್ಟ ಉತ್ತರ ರಕ್ತಸಂಬಂಧದ ಲೆಕ್ಕ. ಇಂಥ ಹುಳಗಳಲ್ಲಿ ಅಕ್ಕತಂಗಿಯರ ನಡುವೆ ಮುಕ್ಕಾಲು ಪಾಲು ಸಂಬಂಧ, ಹಾಗಾಗಿ ತಂಗಿಯನ್ನು ಸಾಕುವುದು ಮಗಳನ್ನು ಸಾಕುವುದಕ್ಕಿಂತ ಲಾಭ. ಆದರೆ ಈ ಕಣಜದ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡುತ್ತದೆ, ಮುಕ್ಕಾಲು ಪಾಲು ಉಳಿಯುವುದಿಲ್ಲ ಅಂತ ಗದಗಕರ್ ತಂಡ ತೋರಿಸಿತು. 1990ರಲ್ಲಿ ಅವರು ಮುಂದಿಟ್ಟ ಇನ್ನೊಂದು ವಿವರಣೆ ನನಗೆ ತಕ್ಷಣ ಹಿಡಿಸಿತು. ಒಂಟಿಯಾಗಿ ಗೂಡು ಕಟ್ಟಿದ ತಾಯಿ ನಡುವೆ ಸತ್ತರೆ ಮರಿಗಳೆಲ್ಲ ಸಾಯುತ್ತವೆ, ಪಟ್ಟ ಶ್ರಮ ಪೂರ್ತಿ ವ್ಯರ್ಥ. ಗುಂಪಿನಲ್ಲಿದ್ದರೆ ಇವಳು ಸತ್ತರೂ ಅರ್ಧ ಬೆಳೆಸಿದ ಮರಿಯನ್ನು ಇನ್ನೊಬ್ಬಳು ಮುಂದುವರಿಸುತ್ತಾಳೆ. ಮಾಡಿದಷ್ಟಕ್ಕೆ ಗ್ಯಾರಂಟಿ ಪ್ರತಿಫಲ. ಸ್ಟಾರ್ಟಪ್ ಬಿಟ್ಟು ದೊಡ್ಡ ಕಂಪನಿ ಸೇರಿದ ನಾನು ಇದನ್ನ ನಮ್ಮಪ್ಪನಿಗೆ ಇಷ್ಟು ಚೆನ್ನಾಗಿ ವಿವರಿಸೋಕೆ ಆಗಿರಲಿಲ್ಲ.

ಗದಗಕರ್ ತತ್ವಶಾಸ್ತ್ರದ ಪ್ರೊಫೆಸರ್ ಅಲ್ಲ, ಪ್ರಯೋಗ ಮಾಡುವ ವಿಜ್ಞಾನಿ. ಆದರೆ 2004ರಲ್ಲಿ ಅದೇ ಸಂಸ್ಥೆಯೊಳಗೆ ಸಮಕಾಲೀನ ಅಧ್ಯಯನ ಕೇಂದ್ರ ಶುರುವಾದಾಗ ಅದರ ಮೊದಲ ಮುಖ್ಯಸ್ಥರಾಗಿ ತತ್ವಶಾಸ್ತ್ರಜ್ಞರು, ಇತಿಹಾಸಕಾರರು, ಕಲಾವಿದರನ್ನೆಲ್ಲ ವಿಜ್ಞಾನಿಗಳ ನಡುವೆ ಕರೆಸಿ ಕೂರಿಸಿದರು. ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ ವಿಜ್ಞಾನದ ತತ್ವಶಾಸ್ತ್ರಕ್ಕೆ ಬಂದ ಸುಂದರ್ ಸಾರುಕ್ಕೈ ಮಣಿಪಾಲದಲ್ಲಿ ತತ್ವಶಾಸ್ತ್ರದ ಒಂದು ಕೇಂದ್ರವನ್ನೇ ಕಟ್ಟಿದರು. ಹುಟ್ಟಿದ್ದು ಭಾರತದಲ್ಲಿ, ಕೆಲಸ ಅಮೆರಿಕದ ಟೆಕ್ಸಾಸಿನಲ್ಲಿ ಅನ್ನುವ ಸಹೋತ್ರ ಸರ್ಕಾರ್ ಅವರಂತೂ ಪೂರ್ತಿ ಇದೇ ವಿಷಯದವರು. ಜೀನಿನಿಂದ ಹಿಡಿದು ಜೀವವೈವಿಧ್ಯ ಸಂರಕ್ಷಣೆವರೆಗೆ ಪುಸ್ತಕ ಬರೆದಿದ್ದಾರೆ.

ಇವರೆಲ್ಲರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾರ್ಜರಿ ಗ್ರೀನ್ ಕತೆ. ಅಮೆರಿಕದವರು, 1910ರಲ್ಲಿ ಹುಟ್ಟಿದ್ದು. ಮೊದಲ ಡಿಗ್ರಿ ಪ್ರಾಣಿಶಾಸ್ತ್ರ, 1935ರಲ್ಲಿ ತತ್ವಶಾಸ್ತ್ರದ ಡಾಕ್ಟರೇಟ್. 1944ರಲ್ಲಿ ಷಿಕಾಗೋದ ಕೆಲಸ ಹೋಯ್ತು. ಆಮೇಲೆ ಗಂಡನ ಜೊತೆ ಬೇಸಾಯ, ಮೊದಲು ಅಮೆರಿಕದಲ್ಲಿ, ನಂತರ ಐರ್ಲೆಂಡಿನಲ್ಲಿ. ಮಕ್ಕಳು, ಹೊಲ, ನಡುವೆ ಓದು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಸರಿಯಾದ ಹುದ್ದೆ ಸಿಕ್ಕಿದ್ದು 1965ರಲ್ಲಿ, ಐವತ್ತೈದರ ಹತ್ತಿರ. ಅಲ್ಲಿಂದ ಮುಂದೆ ಈ ವಿಷಯವನ್ನು ಕಟ್ಟಿ ನಿಲ್ಲಿಸಿದವರಲ್ಲಿ ಒಬ್ಬರಾದರು. ಇದನ್ನ ಸ್ಫೂರ್ತಿ ಕತೆ ಅಂತ ಫಾರ್ವರ್ಡ್ ಮಾಡೋರು ಮಾಡಲಿ. ನನಗೆ ಕಂಡಿದ್ದು ನಡುವಿನ ಇಪ್ಪತ್ತು ವರ್ಷ. ಹೊಲ ಇತ್ತು, ಉಂಡರು. ತಂಗಿಗೆ ಹೊಲ ಇಲ್ಲ.

ಲೆಕ್ಕ

ಹಾಗಾಗಿ ಸಂಜೆ ಕಾಫಿ ಜೊತೆ ಲೆಕ್ಕಕ್ಕೆ ಕೂತೆವು. ಎಕ್ಸೆಲ್ ಶೀಟ್ ನನ್ನದು, ಅನುಮಾನ ಚಿಕ್ಕಮ್ಮನದು.

ನೆಟ್ ಪರೀಕ್ಷೆ ಬರೆಯುವುದು ಸ್ನಾತಕೋತ್ತರ ಪದವಿಯ ವಿಷಯದಲ್ಲೇ, ಅದು ಸಾಮಾನ್ಯ ನಿಯಮ. ಬಯೋಟೆಕ್ನಾಲಜಿ ಎಂ.ಎಸ್ಸಿ. ಇಟ್ಟುಕೊಂಡು ಫಿಲಾಸಫಿಗೆ ಹಾರಬೇಕಾದರೆ ಇನ್ನೊಂದು ಎಂ.ಎ. ಬೇಕು. ಇಗ್ನೋದಲ್ಲಿ ದೂರಶಿಕ್ಷಣದಲ್ಲಿ ಎಂ.ಎ. ಫಿಲಾಸಫಿ ಇದೆ, ಎರಡು ವರ್ಷ. ಆಮೇಲೆ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ನಂತರ 42,000 ರೂಪಾಯಿ, 2023ರ ಜನವರಿಯಿಂದ ಜಾರಿಗೆ ಬಂದ ದರ. ಬೆಂಗಳೂರಿನ ಕಂಪನಿ ಕೊಡ್ತೀನಿ ಅಂದಿದ್ದು ಇದಕ್ಕಿಂತ ಕಡಿಮೆ! ಇದನ್ನ ಕೇಳಿ ಚಿಕ್ಕಮ್ಮ ಮೊದಲ ಸಲ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

ಆದರೆ ನಾನು ಅಲ್ಲೇ ನಿಲ್ಲಿಸಲಿಲ್ಲ. ಆಫರ್ ಕೈಯಲ್ಲಿದೆ, ಜೆಆರ್‌ಎಫ್ ಪರೀಕ್ಷೆಯ ಆಚೆ ದಡದಲ್ಲಿದೆ. ಸಿಕ್ಕರೂ ಹಣ ತಿಂಗಳುಗಟ್ಟಲೆ ತಡವಾಗಬಹುದು. ಪಿಎಚ್.ಡಿ. ಮುಗಿಯುವಾಗ ಇವಳಿಗೆ ಮೂವತ್ತು ದಾಟಿರುತ್ತೆ. 'ಜೀವವಿಜ್ಞಾನದ ತತ್ವಶಾಸ್ತ್ರಜ್ಞರು ಬೇಕಾಗಿದ್ದಾರೆ' ಅನ್ನುವ ಜಾಹೀರಾತು ನಾನು ಎಷ್ಟು ಹುಡುಕಿದರೂ ನಮ್ಮಲ್ಲಿ ಒಂದೂ ಕಾಣಲಿಲ್ಲ. ಐಐಟಿ, ಐಸರ್‌ಗಳ ಮಾನವಿಕ ವಿಭಾಗ, ಬೆಂಗಳೂರಿನ ನಿಯಾಸ್ ಥರದ ಸಂಸ್ಥೆ, ಒಂದಿಷ್ಟು ಖಾಸಗಿ ವಿಶ್ವವಿದ್ಯಾಲಯ, ಹೀಗೆ ಬೇರೆ ಹೆಸರಿನ ಹುದ್ದೆಯೊಳಗೆ ಸೇರಿಕೊಂಡು ಈ ಕೆಲಸ ಮಾಡಬೇಕು. ಹೊರದೇಶದಲ್ಲಿ ಪಿಟ್ಸ್‌ಬರ್ಗ್, ವಿಯೆನ್ನಾ ಪಕ್ಕದ ಕೊನ್ರಾಡ್ ಲೊರೆಂಜ್ ಸಂಸ್ಥೆ ಅಂತೆಲ್ಲ ಇವೆ, ಆದರೆ ಅಲ್ಲಿ ಸ್ಪರ್ಧೆ ಇಡೀ ಜಗತ್ತಿನದ್ದು. ಇಷ್ಟನ್ನೂ ಅವಳ ಮುಖ ನೋಡಿಕೊಂಡೇ ಹೇಳಿದೆ. ಬುದ್ಧಿ ಹೇಳು ಅಂದಿದ್ದಕ್ಕೆ ನಾನು ಹೇಳಿದ ಬುದ್ಧಿ ಅಷ್ಟೇ: ಕೆಲಸ ಸಿಗದೆಯೂ ಹೋಗಬಹುದು, ಅದನ್ನ ಈಗಲೇ ಲೆಕ್ಕಕ್ಕೆ ಹಿಡಿ.

"ಬಯೋಟೆಕ್‌ನಲ್ಲಿ ಕೆಲಸ ಗ್ಯಾರಂಟಿ ಇತ್ತಾ? ನಮ್ಮ ಬ್ಯಾಚಲ್ಲಿ ಎಷ್ಟು ಜನ ಸುಮ್ನೆ ಮನೇಲಿದ್ದಾರೆ ಗೊತ್ತಾ?" ಅಂದಳು. ಅದೂ ಸರಿ.

ಚಿಕ್ಕಪ್ಪ ಏನೂ ಹೇಳಲಿಲ್ಲ. ಗ್ಯಾರಂಟಿ ಅನ್ನೋ ಪದದ ಬಗ್ಗೆ ಭದ್ರಾವತಿಯಲ್ಲಿ ಹೆಚ್ಚು ಮಾತಾಡುವ ಅಗತ್ಯ ಇಲ್ಲ.

ಕೊನೆಗೆ ಆದ ಒಪ್ಪಂದ ಹೀಗೆ. ಬೆಂಗಳೂರಿನ ಕೆಲಸ ಬೇಡ. ಶಿವಮೊಗ್ಗದ ಒಂದು ಪಿಯು ಕಾಲೇಜಿನಲ್ಲಿ ಪಾರ್ಟ್ ಟೈಂ ಬಯಾಲಜಿ ಪಾಠ, ಬಸ್ಸಿನಲ್ಲಿ ಹೋಗಿ ಬರೋದು. ಜೊತೆಗೆ ಇಗ್ನೋ ಎಂ.ಎ. ಅದರ ಫೀಸು ನನ್ನದು. ಮೂರು ವರ್ಷದೊಳಗೆ ಜೆಆರ್‌ಎಫ್ ಆಗದಿದ್ದರೆ ಮತ್ತೆ ಇದೇ ಟೇಬಲ್ಲಿಗೆ ಎಲ್ಲರೂ ಕೂರೋದು. ಚಿಕ್ಕಮ್ಮ ಒಪ್ಪಿದರು ಅನ್ನಲಾರೆ. "ಬುದ್ಧಿ ಹೇಳು ಅಂತ ಕರೆಸಿದ್ರೆ ಫೀಸು ಕಟ್ಟಿ ಹೋಗ್ತಿದ್ದಾನೆ" ಅಂತ ನಮ್ಮಮ್ಮನಿಗೆ ಅವತ್ತೇ ರಾತ್ರಿ ಫೋನ್ ಹೋಗಿತ್ತು.

ಹೋದ ವಾರ ಚಿಕ್ಕಮ್ಮನ ಫೋನ್ ಮತ್ತೆ ಬಂತು. ಕಣಜದ ಗೂಡು ಈಗ ಎರಡು ಅಂಗೈಯಷ್ಟಾಗಿದೆಯಂತೆ. ಚಿಕ್ಕಪ್ಪ ಸೀಮೆಎಣ್ಣೆ ಬಟ್ಟೆ ಸುತ್ತಿದ ಕೋಲು ತಯಾರು ಮಾಡಿದ್ದರಂತೆ. ಮಗಳು ಬಿಡಲಿಲ್ಲ. ನೋಟ್‌ಬುಕ್ಕಿನಲ್ಲಿ ಯಾವುದು ಯಾವಾಗ ಬಂತು, ಯಾವುದು ಮರಿಗೆ ಉಣಿಸಿತು ಅಂತ ಬರೆದಿಡ್ತಾಳಂತೆ. ಕಾಲೇಜಿಗೆ ಹೋದ ದಿನ ಆ ಕೆಲಸ ಚಿಕ್ಕಪ್ಪನಿಗೆ.

"ರಾಣಿ ಯಾವುದು ಅಂತ ಇವರಿಗೆ ಗೊತ್ತಾಗಿದೆಯಂತೆ," ಅಂದರು ಚಿಕ್ಕಮ್ಮ. "ಅದೆಲ್ಲ ಇರಲಿ, ಆ ಕಿಟಕಿ ತೆಗೆದು ಒಂದು ತಿಂಗಳಾಯ್ತು. ಯಾವಾಗ ತೆಗೀಬಹುದು ಅಂತ ನೀನಾದ್ರೂ ಕೇಳಿ ಹೇಳು."